ಪಾದರಸ ದೀಪವನ್ನು ಗುರುತಿಸುವುದು, ಹೊತ್ತಿಸುವುದು, ಬಳಸುವುದು: ಸಮಗ್ರ ಮಾರ್ಗದರ್ಶಿ

ಪಾದರಸ ದೀಪ ಎಂಬ ಒಂದೇ ಹೆಸರಿನಡಿ ತೀರಾ ಬೇರೆ ಬೇರೆ ಸ್ವಭಾವದ ದೀಪಗಳಿವೆ. ಒಂದು ನೀರಿನೊಳಗಿನ ರೋಗಾಣುಗಳನ್ನು ಕೊಲ್ಲುತ್ತದೆ. ಇನ್ನೊಂದು ದಶಕಗಳ ಕಾಲ ಬೀದಿ, ಕಾರ್ಖಾನೆಗಳನ್ನು ಬೆಳಗಿದೆ. ಮತ್ತೊಂದು ಸೂಕ್ಷ್ಮದರ್ಶಕದ ಹಿಂದೆ ಕೂತು ಜೀವಕೋಶಕ್ಕೆ ಹಚ್ಚಿದ ಬಣ್ಣವನ್ನು ಮಿನುಗಿಸುತ್ತದೆ. ಮೂರರಲ್ಲೂ ಬೆಳಕು ಕೊಡುವುದು ಅದೇ ಪಾದರಸದ ಪರಮಾಣು. ಸ್ವಭಾವ ಬದಲಾಗುವುದು ಮುಖ್ಯವಾಗಿ ಒಳಗಿನ ಆವಿಯ ಒತ್ತಡದಿಂದ. ಹಾಗಾಗಿ ದೀಪ ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ವ್ಯಾಟ್ ಎಷ್ಟು ಎಂಬುದಲ್ಲ, ಒತ್ತಡ ಎಷ್ಟು ಎಂಬುದು. ಅದು ಗೊತ್ತಾದರೆ ದೀಪ ಯಾವ ಕೆಲಸಕ್ಕೆ ಒದಗುತ್ತದೆ, ಯಾವ ಅಪಾಯ ತರುತ್ತದೆ ಎಂಬುದೂ ಗೊತ್ತಾಗುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆ, ಬೀದಿ ಬೆಳಗುವ ಕೆಲಸದಲ್ಲಿ ಪಾದರಸ ದೀಪದ ಕಾಲ ಮುಗಿದಿದೆ. ಆದರೆ ತರಂಗಾಂತರ ಅಳೆಯಲು, ಭೌತವಿಜ್ಞಾನ ಕಲಿಸಲು ಅದರಷ್ಟು ನಂಬಿಗಸ್ತ ದೀಪ ಇನ್ನೊಂದು ಸಿಗುವುದು ಕಷ್ಟ. ಈ ಬರಹದ ಹೆಚ್ಚಿನ ಭಾಗ ಅಳತೆ, ಪ್ರಯೋಗಗಳ ಕಡೆಗೇ ವಾಲಿರುವುದು ಅದಕ್ಕಾಗಿ.

ಬೆಳಕು ಹುಟ್ಟುವ ಬಗೆ

ಪಾದರಸ ಕುದಿಯುವುದು ಸುಮಾರು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಕೋಣೆಯ ಬಿಸಿಯಲ್ಲೂ ಅದು ಒಂದಿಷ್ಟು ಆವಿಯಾಗುತ್ತಲೇ ಇರುತ್ತದೆ. ದೀಪದ ಕೊಳವೆಯಲ್ಲಿ ಪಾದರಸದ ಜೊತೆ ಸ್ವಲ್ಪ ಆರ್ಗಾನ್ ಅನಿಲ ತುಂಬಿರುತ್ತಾರೆ. ವಿದ್ಯುತ್ ಮೊದಲು ಹರಿಯುವುದು ಅದರ ಮೂಲಕ. ಹರಿಯುವ ಎಲೆಕ್ಟ್ರಾನ್‌ಗಳು ಪಾದರಸದ ಪರಮಾಣುಗಳಿಗೆ ಬಡಿದು ಶಕ್ತಿ ಕೊಡುತ್ತವೆ. ಪರಮಾಣು ಆ ಶಕ್ತಿಯನ್ನು ಬೆಳಕಾಗಿ ಹೊರಬಿಡುತ್ತದೆ, ಅದೂ ಕೆಲವೇ ನಿಗದಿತ ತರಂಗಾಂತರಗಳಲ್ಲಿ. ಬಣ್ಣಗಳನ್ನು ಬೇರ್ಪಡಿಸಿ ನೋಡಿದಾಗ ಇವು ಒಂದೊಂದೂ ಒಂದು ಗೆರೆಯಾಗಿ ಕಾಣುವುದರಿಂದ ಇವಕ್ಕೆ ರೇಖೆಗಳು ಎನ್ನುತ್ತಾರೆ.

ನೆನಪಿಡಬೇಕಾದ ತರಂಗಾಂತರಗಳು ಇವು: ಕಣ್ಣಿಗೆ ಕಾಣದ ನೇರಳಾತೀತದಲ್ಲಿ 253.7 ಮತ್ತು 365.0 ನ್ಯಾನೊಮೀಟರ್, ಕಾಣುವ ಬೆಳಕಿನಲ್ಲಿ ನೇರಳೆ 404.7, ನೀಲಿ 435.8, ಹಸಿರು 546.1, ಜೊತೆಜೊತೆಯಾಗಿ ನಿಂತ ಹಳದಿಯ 577.0 ಮತ್ತು 579.1. ಕೆಂಪು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪಾದರಸ ದೀಪದಡಿ ಕೆಂಪು ಬಟ್ಟೆ ಕಪ್ಪಾಗಿ, ಮನುಷ್ಯರ ಮುಖ ಬಿಳಿಚಿಕೊಂಡಂತೆ ಕಾಣುವುದು ಈ ಕೊರತೆಯಿಂದ.

ಒತ್ತಡ ತೀರಾ ಕಡಿಮೆಯಿದ್ದಾಗ, ಅಂದರೆ ಸುಮಾರು 1 ಪಾಸ್ಕಲ್‌ನಷ್ಟಿದ್ದಾಗ, ಹೊರಬರುವ ಶಕ್ತಿಯಲ್ಲಿ ಹೆಚ್ಚಿನದು 253.7ರ ಒಂದೇ ರೇಖೆಯಲ್ಲಿರುತ್ತದೆ. ಒತ್ತಡ ಹೆಚ್ಚಿಸಿದರೆ ಈ ರೇಖೆಯ ಬೆಳಕನ್ನು ಅಕ್ಕಪಕ್ಕದ ಪಾದರಸ ಪರಮಾಣುಗಳೇ ಹೀರಿಕೊಳ್ಳತೊಡಗುತ್ತವೆ. ಶಕ್ತಿ 365, 436, 546ರ ರೇಖೆಗಳ ಕಡೆಗೆ ಹೊರಳುತ್ತದೆ. ಒತ್ತಡವನ್ನು 200 ವಾತಾವರಣದಷ್ಟಕ್ಕೆ ಏರಿಸಿದರೆ ರೇಖೆಗಳು ಅಗಲವಾಗಿ ಹರಡಿ, ಅವುಗಳ ನಡುವಿನ ಕತ್ತಲೆಯೂ ಬೆಳಕಿನಿಂದ ತುಂಬಿಕೊಳ್ಳುತ್ತದೆ. ಪ್ರೊಜೆಕ್ಟರ್‌ಗಳಲ್ಲಿ ಪಾದರಸ ದೀಪ ಕೆಂಪನ್ನೂ ಕೊಡಲು ಸಾಧ್ಯವಾದದ್ದು ಹೀಗೆ.

ಹಂತ 1: ಕೈಯಲ್ಲಿರುವುದು ಯಾವ ದೀಪ?

ಟ್ಯೂಬ್‌ಲೈಟ್, ಸಿಎಫ್‌ಎಲ್, ರೋಗಾಣು ನಾಶಕ ಕೊಳವೆ, ಪ್ರಯೋಗಾಲಯದ ಪೆನ್ನಿನಾಕಾರದ ಸಣ್ಣ ದೀಪ, ಇವೆಲ್ಲ ಕಡಿಮೆ ಒತ್ತಡದವು. ಉರಿಯುವಾಗಲೂ ಕೊಳವೆ ಹೆಚ್ಚು ಬಿಸಿಯಾಗುವುದಿಲ್ಲ. ಇಲ್ಲಿ ಒಂದು ವ್ಯತ್ಯಾಸವನ್ನು ಕಣ್ಣಿಟ್ಟು ನೋಡಬೇಕು. ಕೊಳವೆಯ ಒಳಗೋಡೆಗೆ ಬಿಳಿ ಪುಡಿ ಬಳಿದಿದ್ದರೆ ಅದು ಬೆಳಕಿನ ದೀಪ. ಆ ಪುಡಿ 253.7ರ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ಬದಲಿಸುತ್ತದೆ, ಸಾಮಾನ್ಯ ಗಾಜು ಉಳಿದ ನೇರಳಾತೀತವನ್ನು ತಡೆಯುತ್ತದೆ. ಕೊಳವೆ ಪೂರ್ತಿ ಪಾರದರ್ಶಕವಾಗಿದ್ದರೆ ಅದು ರೋಗಾಣು ನಾಶಕ ಕೊಳವೆಯಾಗಿರುವ ಸಾಧ್ಯತೆಯೇ ಹೆಚ್ಚು. ಅದರ ಗಾಜು ನೇರಳಾತೀತವನ್ನು ಹೊರಬಿಡಲೆಂದೇ ಆಯ್ದದ್ದು. ಅಂಥದ್ದನ್ನು ಟ್ಯೂಬ್‌ಲೈಟ್‌ನ ಪಟ್ಟಿಗೆ ಸಿಕ್ಕಿಸಿ ನೋಡುವ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ.

ಹೆಚ್ಚಿನ ಒತ್ತಡದ ದೀಪಕ್ಕೆ ಎರಡು ಬುರುಡೆ. ಒಳಗೆ ಬೆರಳುದ್ದದ ಕ್ವಾರ್ಟ್ಜ್ ಕೊಳವೆ, ಹೊರಗೆ ದಪ್ಪ ಗಾಜಿನ ದೊಡ್ಡ ಬುರುಡೆ, ಬುಡದಲ್ಲಿ ತಿರುಪು. ಸಾಮಾನ್ಯವಾಗಿ ಕಾಣುವುದು 80, 125, 250, 400 ವ್ಯಾಟ್‌ನವು. ಹೊರಬುರುಡೆ ಹಾಲುಬಿಳಿಯಾಗಿದ್ದರೆ ಕೆಂಪಿನ ಕೊರತೆ ತುಂಬುವ ಪುಡಿ ಬಳಿದಿದ್ದಾರೆ ಎಂದರ್ಥ. ಒಳಗೆ ಹಳೆಯ ಬಲ್ಬಿನಂಥ ಟಂಗ್‌ಸ್ಟನ್ ತಂತಿಯೂ ಕಂಡರೆ ಅದು ಚೋಕ್ ಬೇಡದ ಮಿಶ್ರ ದೀಪ. ಕರೆಂಟಿಗೆ ಮಿತಿ ಹಾಕುವ ಕೆಲಸವನ್ನು ಆ ತಂತಿಯೇ ಮಾಡುತ್ತದೆ, ಬದಲಿಗೆ ವಿದ್ಯುತ್ತಿನ ದೊಡ್ಡ ಪಾಲನ್ನು ಶಾಖವಾಗಿ ಕಳೆಯುತ್ತದೆ.

ಸೋಡಿಯಂ ಮತ್ತು ಮೆಟಲ್ ಹಾಲೈಡ್ ದೀಪಗಳೂ ಹೊರನೋಟಕ್ಕೆ ಹೀಗೇ ಇರುತ್ತವೆ. ಹೆಚ್ಚಿನ ಒತ್ತಡದ ಸೋಡಿಯಂ ದೀಪದ ಒಳಕೊಳವೆ ಅರೆಪಾರದರ್ಶಕವಾದ ಬಿಳಿ ಪಿಂಗಾಣಿಯದು, ಅದರಿಂದ ಗುರುತಿಸಬಹುದು. ಮೆಟಲ್ ಹಾಲೈಡ್ ವಿಷಯದಲ್ಲಿ ಕಣ್ಣನ್ನು ನಂಬುವ ಬದಲು ಬುರುಡೆಯ ಮೇಲಿನ ಬರಹ ಓದುವುದೇ ಸರಿ.

ಮೂರನೆಯದು ಅತಿ ಒತ್ತಡದ ದೀಪ: ಗೋಲಿ ಅಥವಾ ಮೊಟ್ಟೆಯಾಕಾರದ ದಪ್ಪ ಕ್ವಾರ್ಟ್ಜ್, ನಡುವೆ ಮಿಲಿಮೀಟರಿನ ಲೆಕ್ಕದ ಅಂತರದಲ್ಲಿ ಎರಡು ಎಲೆಕ್ಟ್ರೋಡ್. ಸೂಕ್ಷ್ಮದರ್ಶಕ, ಪ್ರೊಜೆಕ್ಟರ್, ಚಿಪ್ ತಯಾರಿಕೆಯ ಯಂತ್ರಗಳಲ್ಲಿ ಇರುವುದು ಇದು.

ಹಂತ 2: ಕಣ್ಣು, ಚರ್ಮಕ್ಕೆ ಕಾವಲು

253.7ರ ಕಿರಣ ಕಣ್ಣಿಗೆ ಬಿದ್ದಾಗ ಆ ಕ್ಷಣ ಏನೂ ಅನಿಸುವುದಿಲ್ಲ. ಕೆಲವು ಗಂಟೆಗಳ ಮೇಲೆ ಕಣ್ಣಿನೊಳಗೆ ಮರಳು ಹೊಕ್ಕಂತೆ ಉರಿ, ನೀರು, ಬೆಳಕು ನೋಡಲಾಗದ ನೋವು ಶುರುವಾಗುತ್ತದೆ. ಅಷ್ಟೊತ್ತಿಗೆ ಕಾರಣ ಏನೆಂಬುದೇ ಅನೇಕರಿಗೆ ಮರೆತಿರುತ್ತದೆ. ಈ ತಡವೇ ನಿಜವಾದ ಅಪಾಯ.

ಲೆಕ್ಕ ಹಾಕಿ ನೋಡಿದರೆ ವಿಷಯದ ಗಂಭೀರತೆ ಸ್ಪಷ್ಟವಾಗುತ್ತದೆ. ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗವಾದ ಐಸಿಎನ್‌ಐಆರ್‌ಪಿ 254 ನ್ಯಾನೊಮೀಟರ್‌ಗೆ ಕೊಟ್ಟಿರುವ ಮಿತಿ 8 ಗಂಟೆಗಳ ಅವಧಿಗೆ ಪ್ರತಿ ಚದರ ಮೀಟರಿಗೆ 60 ಜೂಲ್. 30 ವ್ಯಾಟ್‌ನ ರೋಗಾಣು ನಾಶಕ ಕೊಳವೆಯಿಂದ 1 ಮೀಟರ್ ದೂರದಲ್ಲಿ ಬೀಳುವುದು ಚದರ ಮೀಟರಿಗೆ ಸುಮಾರು 1 ವ್ಯಾಟ್. ಅಂದರೆ ಇಡೀ ದಿನದ ಮಿತಿ 1 ನಿಮಿಷದಲ್ಲಿ ಮುಗಿದುಹೋಗುತ್ತದೆ.

ಪಾಲಿಕಾರ್ಬೊನೇಟ್‌ನ ಪಾರದರ್ಶಕ ಮುಖಕವಚ ಈ ಕಿರಣವನ್ನು ಚೆನ್ನಾಗಿ ತಡೆಯುತ್ತದೆ. ಬರೀ ಕನ್ನಡಕ ಸಾಲದು, ಬದಿಯಿಂದ ಕಿರಣ ನುಗ್ಗುತ್ತದೆ. ತೋಳು ಮುಚ್ಚುವ ಬಟ್ಟೆ, ಕೈಗವಸು ಬೇಕು. ದೀಪದ ಸುತ್ತ ಪೆಟ್ಟಿಗೆ ಕಟ್ಟಿ, ಬೆಳಕು ಬೇಕಾದ ಕಡೆ ಮಾತ್ರ ಸೀಳು ಬಿಡುವುದು ಎಲ್ಲಕ್ಕಿಂತ ಉತ್ತಮ. ಶುದ್ಧ ಕ್ವಾರ್ಟ್ಜ್‌ನ ಕೆಲವು ಕೊಳವೆಗಳು 185 ನ್ಯಾನೊಮೀಟರ್‌ನ ಕಿರಣವನ್ನೂ ಬಿಡುತ್ತವೆ. ಅದು ಗಾಳಿಯ ಆಮ್ಲಜನಕವನ್ನು ಓಜೋನ್ ಆಗಿಸುತ್ತದೆ. ಘಾಟು ವಾಸನೆ ಬಂದರೆ ದೀಪ ನಿಲ್ಲಿಸಿ, ಕಿಟಕಿ ತೆಗೆಯಿರಿ.

ಹೆಚ್ಚಿನ ಒತ್ತಡದ ದೀಪದಲ್ಲಿ ಈ ಕಾವಲನ್ನು ಹೊರಬುರುಡೆಯೇ ಮಾಡುತ್ತದೆ. ಆದರೆ ಹೊರಬುರುಡೆ ಒಡೆದರೂ ಒಳಕೊಳವೆ ಉರಿಯುತ್ತಲೇ ಇರಬಲ್ಲದು. ಆಟದ ಅಂಗಳದ ದೀಪಕ್ಕೆ ಚೆಂಡು ಬಡಿದು ಗಾಜು ಹೋಗಿದೆ, ದೀಪ ಮಾತ್ರ ಉರಿಯುತ್ತಿದೆ ಎಂದರೆ ಕೆಳಗಿರುವವರೆಲ್ಲರ ಮೇಲೆ ನೇರಳಾತೀತ ಸುರಿಯುತ್ತಿದೆ ಎಂದೇ ತಿಳಿಯಬೇಕು. ತಕ್ಷಣ ವಿದ್ಯುತ್ ಕಡಿಯಿರಿ.

ಹಂತ 3: ಚೋಕ್ ಹೊಂದಿಸಿ ಹೊತ್ತಿಸುವುದು

ಸಾಮಾನ್ಯ ಬಲ್ಬಿನ ತಂತಿ ಬಿಸಿಯಾದಷ್ಟೂ ಕರೆಂಟಿಗೆ ಹೆಚ್ಚು ಅಡ್ಡಿ ಮಾಡುತ್ತದೆ. ಪಾದರಸದ ಆವಿಯಲ್ಲಿ ಇದು ತಲೆಕೆಳಗು: ಕರೆಂಟ್ ಹೆಚ್ಚಿದಷ್ಟೂ ಆವಿ ಇನ್ನಷ್ಟು ಸಲೀಸಾಗಿ ಅದನ್ನು ಹರಿಯಬಿಡುತ್ತದೆ. ನೇರವಾಗಿ ಮನೆಯ ವಿದ್ಯುತ್ತಿಗೆ ಜೋಡಿಸಿದರೆ ಕರೆಂಟ್ ಏರುತ್ತಲೇ ಹೋಗಿ ದೀಪ ಹಾಳಾಗುತ್ತದೆ, ಸಿಡಿಯಲೂಬಹುದು. ಚೋಕ್ ಬೇಕಾಗುವುದು ಇದಕ್ಕೆ.

ದೀಪದ ವ್ಯಾಟ್ ಮತ್ತು ಚೋಕಿನ ವ್ಯಾಟ್ ಒಂದೇ ಇರಬೇಕು. 80 ವ್ಯಾಟ್‌ನ ದೀಪಕ್ಕೆ ಸುಮಾರು 0.8 ಆಂಪಿಯರ್, 125ಕ್ಕೆ 1.15, 400ಕ್ಕೆ 3.25 ಆಂಪಿಯರ್ ಬೇಕು. 400ರ ಚೋಕಿಗೆ 125ರ ದೀಪ ಹಾಕಿದರೆ ಅದು ಬಹಳ ಹೊತ್ತು ಬಾಳುವುದಿಲ್ಲ. ಸೋಡಿಯಂ ದೀಪಕ್ಕೆ ಬೇಕಾಗುವಂಥ, ಮೊದಲ ಕಿಡಿ ಹತ್ತಿಸುವ ಇಗ್ನೈಟರ್ ಇದಕ್ಕೆ ಬೇಡ. ಒಳಕೊಳವೆಯಲ್ಲೇ ಮುಖ್ಯ ಎಲೆಕ್ಟ್ರೋಡ್ ಪಕ್ಕ ಇನ್ನೊಂದು ಸಣ್ಣ ಎಲೆಕ್ಟ್ರೋಡ್ ಇದ್ದು, ಮೊದಲ ಕಿಡಿ ಅಲ್ಲಿ ಹತ್ತುತ್ತದೆ. ಚೋಕಿನಿಂದ ಪವರ್ ಫ್ಯಾಕ್ಟರ್ ಇಳಿಯುವುದರಿಂದ ಕ್ಯಾಪಾಸಿಟರ್ ಒಂದನ್ನು ಸಮಾನಾಂತರವಾಗಿ ಜೋಡಿಸಿರುತ್ತಾರೆ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು, ತಂತಿಗೆ ಕೈ ಹಾಕುವ ಮುನ್ನ ಅದನ್ನು ಬರಿದು ಮಾಡಿಕೊಳ್ಳಬೇಕು.

ಸ್ವಿಚ್ ಹಾಕಿದ ಮೇಲೆ ಅವಸರ ಬೇಡ. ಪೂರ್ತಿ ಬೆಳಕಿಗೆ 4ರಿಂದ 7 ನಿಮಿಷ ಬೇಕು. ಶುರುವಿನಲ್ಲಿ ಮಂದ ಬೆಳಕು, ಕರೆಂಟ್ ಹೆಚ್ಚು, ದೀಪದ ಎರಡು ತುದಿಗಳ ನಡುವೆ ವೋಲ್ಟೇಜ್ ಕಡಿಮೆ. ಪಾದರಸ ಆವಿಯಾಗುತ್ತಾ ಒತ್ತಡ ಏರಿದಂತೆ ವೋಲ್ಟೇಜ್ ಏರುತ್ತದೆ, ಕರೆಂಟ್ ನಿಗದಿತ ಮಟ್ಟಕ್ಕೆ ಇಳಿಯುತ್ತದೆ. ಒಂದು ಗ್ರೇಟಿಂಗ್ (ಒತ್ತೊತ್ತಾದ ಗೆರೆಗಳಿಂದ ಬೆಳಕನ್ನು ಬಣ್ಣಗಳಾಗಿ ಹರಡುವ ಫಲಕ) ಹಿಡಿದು ಈ ಹೊತ್ತಿನ ರೋಹಿತವನ್ನು, ಅಂದರೆ ಹರಡಿದ ಬಣ್ಣಗಳ ಸಾಲನ್ನು, ನೋಡಿದರೆ ಒತ್ತಡ ಬೆಳಕನ್ನು ಹೇಗೆ ಬದಲಿಸುತ್ತದೆ ಎಂಬುದು ಕಣ್ಣೆದುರೇ ನಡೆಯುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಪುಸ್ತಕದಲ್ಲಿ ಸಿಗಲಾರದು.

ಆರಿಸಿದ ದೀಪ ತಕ್ಷಣ ಮತ್ತೆ ಹೊತ್ತುವುದಿಲ್ಲ. ಬಿಸಿ ಆವಿಯ ಒತ್ತಡದಲ್ಲಿ ಕಿಡಿ ಹತ್ತಲು ದೀಪಕ್ಕೆ ಸಿಗುವ ವೋಲ್ಟೇಜ್ ಸಾಲದು. 5ರಿಂದ 10 ನಿಮಿಷ ತಣಿಯಬೇಕು. ಕೆಟ್ಟಿದೆ ಎಂದು ಬಿಚ್ಚುವ ಮುನ್ನ ಇಷ್ಟು ಕಾಯಿರಿ.

ಹಂತ 4: ರೋಹಿತದರ್ಶಕವನ್ನು ಅಳತೆಗೆ ಹೊಂದಿಸುವುದು

ಪಾದರಸ ದೀಪದ ಅತ್ಯುತ್ತಮ ಉಪಯೋಗ ಇದೇ. ರೇಖೆಗಳ ಜಾಗ ನಿಸರ್ಗವೇ ನಿಗದಿ ಮಾಡಿದ್ದು. ದೀಪ ಹಳೆಯದಾದರೂ, ವಿದ್ಯುತ್ ಏರಿಳಿದರೂ ನಮ್ಮ ಉಪಕರಣಗಳಿಗೆ ತಿಳಿಯುವಷ್ಟು ಅದು ಕದಲುವುದಿಲ್ಲ.

ಇದಕ್ಕೆ ಬೇಕಾದದ್ದು ಕಡಿಮೆ ಒತ್ತಡದ ದೀಪ, ಏಕೆಂದರೆ ಅದರ ರೇಖೆಗಳು ಚೂಪು. ಕಾಲೇಜಿನ ಸ್ಪೆಕ್ಟ್ರೋಮೀಟರ್ ಆದರೆ ಹೀಗೆ ಮಾಡಿ. ದೂರದರ್ಶಕವನ್ನು ದೂರದ ವಸ್ತುವಿಗೆ ಹೊಂದಿಸಿ, ಆಮೇಲೆ ಕಾಲಿಮೇಟರಿನ (ದೀಪದ ಬೆಳಕನ್ನು ಸಮಾನಾಂತರ ಕಿರಣಗಳಾಗಿಸುವ ಕೊಳವೆಯ) ಸೀಳು ಅದರಲ್ಲಿ ಸ್ಪಷ್ಟವಾಗಿ ಕಾಣುವಂತೆ ಮಾಡಿ. ಸೀಳನ್ನು ಕಿರಿದು ಮಾಡುತ್ತಾ ಹೋಗಿ. ಹಳದಿ ಜೋಡಿ ಎರಡಾಗಿ ಬೇರ್ಪಟ್ಟು ಕಂಡರೆ ಹೊಂದಿಕೆ ಸರಿಯಾಗಿದೆ. 2 ನ್ಯಾನೊಮೀಟರ್‌ನಷ್ಟೇ ಅಂತರವಿರುವ ಈ ಜೋಡಿ ಉಪಕರಣದ ಸಾಮರ್ಥ್ಯಕ್ಕೆ ಸಿದ್ಧ ಪರೀಕ್ಷೆ.

ಮಿಲಿಮೀಟರಿಗೆ 600 ಗೆರೆಗಳ ಗ್ರೇಟಿಂಗ್ ಇಟ್ಟರೆ, ಗೆರೆಗಳ ನಡುವಿನ ದೂರ 1666.7 ನ್ಯಾನೊಮೀಟರ್. ಬೆಳಕು ನೇರವಾಗಿ ಬೀಳುವಂತೆ ಇಟ್ಟಾಗ ನಡುವಿನ ನೇರ ಬೆಳಕಿನ ಪಕ್ಕದ ಮೊದಲ ಸಾಲಿನಲ್ಲಿ (ಫಸ್ಟ್ ಆರ್ಡರ್) ನೇರಳೆ 404.7 ಕಾಣಬೇಕಾದ ಕೋನ 14.05 ಡಿಗ್ರಿ, ನೀಲಿ 435.8ಕ್ಕೆ 15.16, ಹಸಿರಿಗೆ 19.13, ಹಳದಿ ಜೋಡಿಗೆ 20.26 ಮತ್ತು 20.33. ಎಡ, ಬಲ ಎರಡೂ ಕಡೆ ಕೋನ ಅಳೆದು ಸರಾಸರಿ ತೆಗೆಯಿರಿ. ಎರಡು ಕಡೆಯ ಕೋನಗಳು ಅರ್ಧ ಡಿಗ್ರಿಯಷ್ಟು ಬೇರೆಯಾದರೆ ಗ್ರೇಟಿಂಗ್ ಓರೆಯಾಗಿ ಕೂತಿದೆ ಎಂದರ್ಥ. ಲೆಕ್ಕ ಮುಂದುವರಿಸದೆ ಮೊದಲು ಅದನ್ನು ಸರಿಪಡಿಸಿ.

ಕ್ಯಾಮೆರಾ ಜೋಡಿಸಿ ಮನೆಯಲ್ಲೇ ಮಾಡಿಕೊಂಡ ರೋಹಿತದರ್ಶಕವಾದರೆ ಸಿಎಫ್‌ಎಲ್ ಅಥವಾ ಟ್ಯೂಬ್‌ಲೈಟ್ ಸಾಕು. ಗ್ರೇಟಿಂಗ್ ಬದಲು ಸಿ.ಡಿ. ಅಥವಾ ಡಿವಿಡಿಯ ತುಂಡು ಒದಗುತ್ತದೆ; ಸಿ.ಡಿ.ಯ ಸುರುಳಿಗಳ ನಡುವೆ 1600, ಡಿವಿಡಿಯಲ್ಲಿ 740 ನ್ಯಾನೊಮೀಟರ್ ಅಂತರವಿದೆ. ಡಿವಿಡಿ ಬಣ್ಣಗಳನ್ನು ಹೆಚ್ಚು ಅಗಲವಾಗಿ ಹರಡುತ್ತದೆ.

ಚಿತ್ರ ತೆಗೆದು ನೀಲಿ ರೇಖೆ, ಹಸಿರು ರೇಖೆ ಎಷ್ಟನೇ ಪಿಕ್ಸೆಲ್‌ನಲ್ಲಿವೆ ನೋಡಿ. ಉದಾಹರಣೆಗೆ ನೀಲಿ 412ರಲ್ಲಿ, ಹಸಿರು 651ರಲ್ಲಿ ಇದೆ ಎನ್ನಿ. 239 ಪಿಕ್ಸೆಲ್‌ಗಳಲ್ಲಿ 110.3 ನ್ಯಾನೊಮೀಟರ್ ಹರಡಿದೆ, ಅಂದರೆ ಪಿಕ್ಸೆಲಿಗೆ 0.46. ಈ ಲೆಕ್ಕದಂತೆ 577.0ರ ಹಳದಿ 718ನೇ ಪಿಕ್ಸೆಲ್ ಆಸುಪಾಸು ಬೀಳಬೇಕು. ಅದು 721ರಲ್ಲೋ 715ರಲ್ಲೋ ಕಂಡರೆ ಸರಳರೇಖೆಯ ಲೆಕ್ಕ ಸಾಲದು, 404.7ನ್ನೂ ಸೇರಿಸಿಕೊಂಡು ವರ್ಗಪದವಿರುವ ಸಮೀಕರಣ ಹೊಂದಿಸಿ. ಮೂರನೆಯ ರೇಖೆಯನ್ನು ಲೆಕ್ಕಕ್ಕೆ ಬಳಸದೆ ಪರೀಕ್ಷೆಗೆಂದೇ ಎತ್ತಿಡುವ ಈ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಕಲಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಸಿಎಫ್‌ಎಲ್‌ನಲ್ಲಿ ಎರಡು ಕಡೆ ಎಡವುತ್ತಾರೆ. ಅದರಲ್ಲಿ ಎದ್ದು ಕಾಣುವ 611ರ ಕೆಂಪು ರೇಖೆ ಪಾದರಸದ್ದಲ್ಲ, ಪುಡಿಯಲ್ಲಿರುವ ಯುರೋಪಿಯಂನದು. ಹಸಿರಿನಲ್ಲೂ ಟರ್ಬಿಯಂನ ಬೆಳಕು 542ರ ಸುತ್ತ ಬಂದು 546.1ಕ್ಕೆ ತಾಗಿ ನಿಲ್ಲುತ್ತದೆ. ಅಸ್ಪಷ್ಟ ಉಪಕರಣದಲ್ಲಿ ಎರಡೂ ಸೇರಿ ಒಂದೇ ದಪ್ಪ ಗೆರೆಯಾಗಿ, ಅದರ ನಡುವನ್ನು 546.1 ಎಂದುಕೊಂಡರೆ ಇಡೀ ಅಳತೆಯೇ ಜಾರುತ್ತದೆ. ಹಸಿರು ಗೆರೆ ಇಬ್ಭಾಗವಾಗುವವರೆಗೆ ಸೀಳು ಕಿರಿದು ಮಾಡಿ, ಕೆಂಪಿನ ಕಡೆಗಿರುವುದನ್ನು ಆಯ್ದುಕೊಳ್ಳಿ.

ಕ್ವಾರ್ಟ್ಜ್ ದೀಪ ಬಳಸುವವರಿಗೆ ಇನ್ನೊಂದು ಮಾತು: 253.7ರ ಎರಡನೇ ಸಾಲು 507.4ರಲ್ಲಿ ಬರುತ್ತದೆ. ಪಟ್ಟಿಯಲ್ಲಿಲ್ಲದ ರೇಖೆ ಅಲ್ಲಿ ಕಂಡರೆ ನಡುವೆ ಒಂದು ಸಾಮಾನ್ಯ ಗಾಜು ಹಿಡಿಯಿರಿ. ಮಾಯವಾದರೆ ಅದು ನೇರಳಾತೀತದ್ದೇ.

ಹಂತ 5: ಪ್ಲಾಂಕ್ ಸ್ಥಿರಾಂಕ ಅಳೆಯುವುದು

ಲೋಹದ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಹೊರಬೀಳುವ ದ್ಯುತಿವಿದ್ಯುತ್ ಪರಿಣಾಮವನ್ನು ರಾಬರ್ಟ್ ಮಿಲಿಕನ್ ನಿಖರವಾಗಿ ಅಳೆದು 1916ರಲ್ಲಿ ಪ್ರಕಟಿಸಿದಾಗ ಬಳಸಿದ್ದು ಪಾದರಸದ ರೇಖೆಗಳನ್ನೇ. ಅದೇ ಪ್ರಯೋಗವನ್ನು ಇಂದು ಪದವಿ ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು.

ದೀಪವನ್ನು 15 ನಿಮಿಷ ಉರಿಯಲು ಬಿಡಿ. 365.0, 404.7, 435.8, 546.1 ಮತ್ತು 578ರ ಸುತ್ತಲಿನ ಹಳದಿ, ಈ ಐದನ್ನು ಫಿಲ್ಟರ್‌ಗಳಿಂದ ಒಂದೊಂದಾಗಿ ದ್ಯುತಿಕೋಶದ ಮೇಲೆ ಬೀಳಿಸಿ. ಪ್ರತಿ ಸಲವೂ ಎದುರು ವೋಲ್ಟೇಜನ್ನು ಏರಿಸುತ್ತಾ ಕರೆಂಟ್ ಸೊನ್ನೆಯಾಗುವ ಬಿಂದು ಬರೆದುಕೊಳ್ಳಿ. ಆವೃತ್ತಿಗೆ ಎದುರಾಗಿ ಈ ವೋಲ್ಟೇಜ್‌ಗಳನ್ನು ಗುರುತಿಸಿದರೆ ಸರಳರೇಖೆ ಬರಬೇಕು; ಅದರ ಇಳಿಜಾರು 4.136×10⁻¹⁵ ವೋಲ್ಟ್ ಸೆಕೆಂಡ್‌ಗೆ ಹತ್ತಿರವಿರಬೇಕು. ಇದನ್ನು ಎಲೆಕ್ಟ್ರಾನಿನ ವಿದ್ಯುದಂಶದಿಂದ ಗುಣಿಸಿದರೆ ಸಿಗುವುದೇ ಪ್ಲಾಂಕ್ ಸ್ಥಿರಾಂಕ. ಬೇಗ ಪರೀಕ್ಷಿಸಬೇಕಾದರೆ 365.0 ಮತ್ತು 546.1ರ ವೋಲ್ಟೇಜ್‌ಗಳ ವ್ಯತ್ಯಾಸ ನೋಡಿ, ಅದು 1.13 ವೋಲ್ಟ್ ಸಮೀಪ ಬರಬೇಕು.

ಫಲಿತಾಂಶ ಕೆಡುವುದು ಹೆಚ್ಚಾಗಿ ಹಸಿರು, ಹಳದಿಯಲ್ಲಿ. ಫಿಲ್ಟರಿನ ಅಂಚಿನಿಂದ ಸ್ವಲ್ಪವೇ ನೀಲಿ ಸೋರಿದರೂ ಅದರ ಎಲೆಕ್ಟ್ರಾನ್‌ಗಳು ಹೆಚ್ಚು ಶಕ್ತಿಯವಾದ್ದರಿಂದ ಓದು ಮೇಲಕ್ಕೆ ಜಿಗಿಯುತ್ತದೆ. ಕೋಣೆ ಕತ್ತಲು ಮಾಡಿ, ಕೋಶಕ್ಕೆ ಕಪ್ಪು ಕೊಳವೆ ತೊಡಿಸಿ. ಕೊನೆಗೆ ದೀಪದ ಬೆಳಕನ್ನು ಅರ್ಧಕ್ಕೆ ಇಳಿಸಿ ಮತ್ತೆ ಅಳೆಯಿರಿ. ಕರೆಂಟ್ ಇಳಿಯುತ್ತದೆ, ತಡೆಯುವ ವೋಲ್ಟೇಜ್ ಇಳಿಯುವುದಿಲ್ಲ. ಅಲೆಯ ಸಿದ್ಧಾಂತದಿಂದ ವಿವರಿಸಲಾಗದ ಈ ಫಲಿತಾಂಶ ಬೆಳಕು ಕಣಗಳಾಗಿ ಬರುತ್ತದೆ ಎಂದು ತೋರಿಸುವ ಕ್ಷಣ ಅದು, ಬಿಟ್ಟುಬಿಡಬೇಡಿ.

ಇದೇ ರೇಖೆಗಳು ಮಾಡಿದ ದೊಡ್ಡ ಕೆಲಸಗಳು

ಪೀಟರ್ ಕೂಪರ್ ಹ್ಯೂಯಿಟ್ 1901ರಲ್ಲಿ ಪಾದರಸ ದೀಪಕ್ಕೆ ಅಮೆರಿಕದ ಪೇಟೆಂಟ್ ಪಡೆದಾಗ ಅವರ ಗುರಿ ಇದ್ದದ್ದು ಬೆಳಕಿನ ಕಡೆಗೆ. ವಿಜ್ಞಾನ ಆ ಬೆಳಕನ್ನು ತನ್ನದಾಗಿಸಿಕೊಂಡಿತು. 1914ರಲ್ಲಿ ಜೇಮ್ಸ್ ಫ್ರಾಂಕ್ ಮತ್ತು ಗುಸ್ಟಾವ್ ಹರ್ಟ್ಸ್ ಪಾದರಸದ ಆವಿಯಲ್ಲಿ ಎಲೆಕ್ಟ್ರಾನ್‌ಗಳು 4.9 ಎಲೆಕ್ಟ್ರಾನ್ ವೋಲ್ಟ್‌ನ ಗಂಟುಗಳಲ್ಲೇ ಶಕ್ತಿ ಕಳೆದುಕೊಳ್ಳುವುದನ್ನು ಕಂಡರು. 253.7ರ ರೇಖೆಯ ಶಕ್ತಿಯೂ ಸರಿಯಾಗಿ ಅಷ್ಟೇ.

ಕೋಲ್ಕತ್ತದಲ್ಲಿ ಸಿ.ವಿ. ರಾಮನ್ ಬೆಳಕು ಚದುರುವ ಅಧ್ಯಯನವನ್ನು ಸೂರ್ಯನ ಬೆಳಕಿನಿಂದ ನಡೆಸುತ್ತಿದ್ದರು. 1928ರ ಫೆಬ್ರವರಿ 28ರಂದು ಪಾದರಸ ದೀಪದ ಬೆಳಕನ್ನು ಬಳಸಿ ನೋಡಿದಾಗ ಚದುರಿದ ಬೆಳಕಿನಲ್ಲಿ ಹೊಸ ರೇಖೆಗಳು ಬೇರೆಯಾಗಿ ಎದ್ದು ಕಂಡವು. ಎಲ್ಲ ಬಣ್ಣಗಳೂ ಇರುವ ಸೂರ್ಯನ ಬೆಳಕಿನಲ್ಲಿ ಹೊಸ ರೇಖೆಯೊಂದನ್ನು ಬೇರ್ಪಡಿಸಿ ನೋಡುವುದು ಎಷ್ಟು ಕಷ್ಟವೋ, ಕತ್ತಲೆಯ ನಡುವೆ ಕೆಲವೇ ಗೆರೆಗಳಿರುವ ಪಾದರಸದ ಬೆಳಕಿನಲ್ಲಿ ಅದು ಅಷ್ಟು ಸುಲಭ. 1960ರ ದಶಕದಲ್ಲಿ ಲೇಸರ್ ಬರುವವರೆಗೂ ಈ ಹೊಸ ರೇಖೆಗಳ ಅಧ್ಯಯನಕ್ಕೆ, ಅಂದರೆ ರಾಮನ್ ರೋಹಿತಕ್ಕೆ, ಪಾದರಸ ದೀಪವೇ ಆಧಾರ.

ಉದ್ದದ ಅಳತೆಗೂ ಅದು ಉಮೇದುವಾರನಾಗಿತ್ತು. ಸಹಜ ಪಾದರಸದಲ್ಲಿ 7 ಸ್ಥಿರ ಐಸೊಟೋಪುಗಳು (ತೂಕ ಮಾತ್ರ ಬೇರೆಯಾದ ಪಾದರಸದ ಪರಮಾಣುಗಳು) ಬೆರೆತಿರುವುದರಿಂದ ಹಸಿರು ರೇಖೆ ಸೂಕ್ಷ್ಮವಾಗಿ ನೋಡಿದರೆ ಹಲವು ರೇಖೆಗಳ ಗುಂಪು. ಚಿನ್ನಕ್ಕೆ ನ್ಯೂಟ್ರಾನ್ ಬಡಿಸಿ ಪಾದರಸ-198 ಒಂದನ್ನೇ ಪಡೆದು, ಅದರ ಹಸಿರು ರೇಖೆಯನ್ನು ಮೀಟರಿಗೆ ಆಧಾರವಾಗಿಸಬೇಕೆಂದು ಅಮೆರಿಕದ ವಿಲಿಯಂ ಮೆಗ್ಗರ್ಸ್ ವಾದಿಸಿದರು. 1960ರಲ್ಲಿ ಆ ಗೌರವ ಕ್ರಿಪ್ಟಾನ್-86ಕ್ಕೆ ಹೋಯಿತು. ಚಿಪ್ ತಯಾರಿಕೆಯಲ್ಲಿ 436ರ ಮತ್ತು ಆಮೇಲೆ 365ರ ರೇಖೆ ಸಿಲಿಕಾನ್ ಮೇಲೆ ವಿನ್ಯಾಸ ಮೂಡಿಸಿದವು. ನಾಸಾ 2019ರಲ್ಲಿ ಹಾರಿಸಿದ ಪಾದರಸ ಅಯಾನುಗಳ ಪರಮಾಣು ಗಡಿಯಾರದೊಳಗೂ ಒಂದು ಪುಟ್ಟ ಪಾದರಸ ದೀಪವಿತ್ತು.

ಹಂತ 6: ಸೂಕ್ಷ್ಮದರ್ಶಕದ ದೀಪ ಬದಲಿಸುವುದು

ಜೀವಕೋಶಕ್ಕೆ ಹಚ್ಚಿದ ಬಣ್ಣವನ್ನು ಮಿನುಗಿಸಿ ನೋಡುವ ಪ್ರತಿದೀಪ್ತಿ ಸೂಕ್ಷ್ಮದರ್ಶಕಗಳಲ್ಲಿ ಎಚ್‌ಬಿಒ ಎಂಬ 100 ವ್ಯಾಟ್‌ನ ಅತಿ ಒತ್ತಡದ ದೀಪ ಸಾಮಾನ್ಯ. ಅದರ ಬೆಳಕಿನ ಬಿಂದು ಸುಮಾರು 0.25 ಮಿಲಿಮೀಟರ್, ಆಯುಷ್ಯ 200 ಗಂಟೆ. ಗಂಟೆಯ ಎಣಿಕೆ ತಪ್ಪದೆ ಇಡಿ. ಅವಧಿ ಮೀರಿದ ಕ್ವಾರ್ಟ್ಜ್ ಹತ್ತಾರು ವಾತಾವರಣದ ಒತ್ತಡದಲ್ಲಿ ಸಿಡಿಯಬಹುದು. ಆಗ ಲೆನ್ಸ್, ಕನ್ನಡಿ ಹಾಳಾಗುವುದಲ್ಲದೆ ಕೋಣೆ ತುಂಬ ಪಾದರಸದ ಆವಿ.

ಬದಲಿಸುವಾಗ ದೀಪ ಪೂರ್ತಿ ತಣಿದಿರಲಿ, ಮುಖಕವಚ ಇರಲಿ. ಕ್ವಾರ್ಟ್ಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ಬಿಸಿಗೆ ಸುಟ್ಟು ಗಾಜನ್ನು ದುರ್ಬಲಗೊಳಿಸುತ್ತದೆ. ಮುಟ್ಟಿದ್ದರೆ ಆಲ್ಕೊಹಾಲ್‌ನಿಂದ ಒರೆಸಿ. ನೇರ ವಿದ್ಯುತ್ತಿನ ದೀಪದಲ್ಲಿ ಧನ, ಋಣ ತುದಿ ಅದಲುಬದಲಾಗಬಾರದು. ಹೊತ್ತಿಸಿದ ಮೇಲೆ ಬಿಂದುವಿನ ಬಿಂಬವನ್ನೂ ಕನ್ನಡಿಯಿಂದ ಬಂದ ಇನ್ನೊಂದು ಬಿಂಬವನ್ನೂ ಅಕ್ಕಪಕ್ಕ ತಂದು ನಡುವಿಗೆ ಹೊಂದಿಸಿ. ಹೊತ್ತಿಸಿದರೆ ಕನಿಷ್ಠ 30 ನಿಮಿಷ ಉರಿಯಲಿ, ಆರಿಸಿದರೆ 30 ನಿಮಿಷ ತಣಿಯಲಿ.

ಬಣ್ಣ ಆಯ್ಕೆಯಲ್ಲೂ ರೇಖೆಗಳ ಲೆಕ್ಕ ಬರುತ್ತದೆ. 365ಕ್ಕೆ ಮಿನುಗುವ ಡಿಎಪಿಐ, 546ಕ್ಕೆ ಮಿನುಗುವ ರೋಡಮಿನ್‌ನಂಥ ಬಣ್ಣಗಳು ಈ ದೀಪದಡಿ ಪ್ರಖರವಾಗಿ ಕಾಣುತ್ತವೆ. 488ರ ಸುತ್ತ ಬೆಳಕು ಬೇಡುವ, ಹಸಿರಾಗಿ ಮಿನುಗುವ ಪ್ರೋಟೀನಿಗೆ (ಜಿಎಫ್‌ಪಿ) ಅಲ್ಲಿ ರೇಖೆಯೇ ಇಲ್ಲ.

ಹಂತ 7: ರೋಗಾಣು ನಾಶ

ರೋಗಾಣುಗಳ ಡಿಎನ್‌ಎ 260 ನ್ಯಾನೊಮೀಟರ್ ಆಸುಪಾಸಿನ ಕಿರಣವನ್ನು ಗಾಢವಾಗಿ ಹೀರಿಕೊಂಡು ಕೆಡುತ್ತದೆ. 253.7 ಅದಕ್ಕೆ ಬಹಳ ಹತ್ತಿರ. ಕುಡಿಯುವ ನೀರಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಪ್ರಮಾಣ ಚದರ ಮೀಟರಿಗೆ 400 ಜೂಲ್. ಚದರ ಮೀಟರಿಗೆ 2 ವ್ಯಾಟ್ ಬೀಳುವ ಜಾಗದಲ್ಲಿ ಅದಕ್ಕೆ 200 ಸೆಕೆಂಡ್ ಬೇಕು. ನೀರು ಕದಡಿದ್ದರೆ, ಕೊಳವೆಯ ಮೇಲೆ ಪಾಚಿ ಅಥವಾ ಸುಣ್ಣ ಕಟ್ಟಿದ್ದರೆ, ವಸ್ತುವಿನ ಹಿಂಬದಿ ನೆರಳಿದ್ದರೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಕಾಣುವ ನೀಲಿ ಬೆಳಕು ಕೊಲ್ಲುವ ಬೆಳಕಲ್ಲ. ದೀಪ ನೀಲಿಯಾಗಿ ಉರಿಯುತ್ತಿದ್ದರೂ ಹಳೆಯ ಕೊಳವೆಯಿಂದ 253.7 ಬಹಳಷ್ಟು ಕುಗ್ಗಿರಬಹುದು. ತಯಾರಕರು ಹೇಳಿದ ಗಂಟೆ ಮುಗಿದ ಕೂಡಲೇ ಬದಲಿಸಿ.

ಹಂತ 8: ಬೆಳಕಿಗಾಗಿ ಇಟ್ಟ ದೀಪಗಳನ್ನು ಬಿಟ್ಟುಕೊಡುವುದು

ಹೆಚ್ಚಿನ ಒತ್ತಡದ ಪಾದರಸ ದೀಪ ವ್ಯಾಟಿಗೆ 35ರಿಂದ 60 ಲುಮೆನ್ (ಬೆಳಕಿನ ಪ್ರಮಾಣದ ಅಳತೆ) ಕೊಡುತ್ತದೆ, ಇಂದಿನ ಎಲ್‌ಇಡಿ 100ಕ್ಕೂ ಹೆಚ್ಚು. 125 ವ್ಯಾಟ್‌ನ ದೀಪ ಹೊಸದಿದ್ದಾಗ ಸುಮಾರು 6300 ಲುಮೆನ್ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಕೆಳಮುಖವಾಗಿ ಬೆಳಕು ಬಿಡುವ 45 ವ್ಯಾಟ್ ಆಸುಪಾಸಿನ ಎಲ್‌ಇಡಿ ಆ ಕೆಲಸ ಮಾಡಿಬಿಡುತ್ತದೆ. ಪಾದರಸ ದೀಪ ತಟ್ಟನೆ ಸಾಯುವುದಿಲ್ಲ, ವರ್ಷಗಟ್ಟಲೆ ಮಂಕಾಗುತ್ತಾ ಅಷ್ಟೇ ವಿದ್ಯುತ್ ತಿನ್ನುತ್ತದೆ. ಉರಿಯುತ್ತಿದೆಯಲ್ಲ, ಇರಲಿ ಎಂಬ ಮಾತು ಇಲ್ಲಿ ದುಬಾರಿ.

ಬದಲಿಸುವಾಗ ಇಡೀ ದೀಪದ ಗೂಡನ್ನೇ ಬದಲಿಸುವುದು ಒಳ್ಳೆಯದು. ಹಳೆಯ ಗೂಡಿಗೇ ಎಲ್‌ಇಡಿ ಬಲ್ಬ್ ಹಾಕುವುದಾದರೆ, ಅದರ ಸೂಚನೆಯಂತೆ ಚೋಕ್, ಕ್ಯಾಪಾಸಿಟರ್ ತೆಗೆದು ನೇರ ಸಂಪರ್ಕ ಕೊಡಬೇಕಾದೀತು. ಅದನ್ನು ವಿದ್ಯುತ್ ಕೆಲಸ ಬಲ್ಲವರೇ ಮಾಡಲಿ.

ಕಾನೂನೂ ಇದೇ ದಿಕ್ಕಿನಲ್ಲಿದೆ. 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ, ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಮಿನಾಮಾಟಾ ಒಪ್ಪಂದ ಸಾಮಾನ್ಯ ಬೆಳಕಿನ ಹೆಚ್ಚು ಒತ್ತಡದ ಪಾದರಸ ದೀಪಗಳ ತಯಾರಿಕೆ, ಆಮದು, ರಫ್ತಿಗೆ 2020ರ ಗಡುವು ಹಾಕಿತು. ಸಿಎಫ್‌ಎಲ್‌ಗೆ 2025, ಟ್ಯೂಬ್‌ಲೈಟ್‌ಗಳಿಗೆ 2026 ಮತ್ತು 2027ರ ಗಡುವುಗಳಿವೆ. ಸಂಶೋಧನೆಗೆ, ಉಪಕರಣಗಳ ಅಳತೆ ಹೊಂದಿಸಲು ಬೇಕಾದ ಉತ್ಪನ್ನಗಳನ್ನು ಅದೇ ಒಪ್ಪಂದ ಹೊರಗಿಟ್ಟಿದೆ. ನನಗೆ ಇದು ವಿವೇಕದ ವಿಂಗಡಣೆ ಅನಿಸುತ್ತದೆ.

ಹಂತ 9: ಒಡೆದರೆ, ಹಳೆಯದಾದರೆ

ದೀಪ ಒಡೆದ ಕೂಡಲೇ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಹೊರಗೆ ಕಳಿಸಿ, ಕಿಟಕಿ ತೆಗೆದು, ಎ.ಸಿ. ನಿಲ್ಲಿಸಿ, 10ರಿಂದ 15 ನಿಮಿಷ ಕೋಣೆಯಿಂದ ಹೊರಗಿರಿ. ಪೊರಕೆಯಾಗಲಿ ವ್ಯಾಕ್ಯೂಮ್ ಕ್ಲೀನರ್ ಆಗಲಿ ಬೇಡ, ಎರಡೂ ಪಾದರಸವನ್ನು ಹರಡುತ್ತವೆ. ಕೈಗವಸು ತೊಟ್ಟು ಗಟ್ಟಿ ರಟ್ಟಿನಿಂದ ಚೂರುಗಳನ್ನು ಒತ್ತರಿಸಿ, ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿ, ಕೊನೆಗೆ ಒದ್ದೆ ಕಾಗದದಿಂದ ಒರೆಸಿ. ಎಲ್ಲವನ್ನೂ, ಆ ರಟ್ಟು, ಕಾಗದಗಳನ್ನೂ ಸೇರಿಸಿ, ಬಿಗಿ ಮುಚ್ಚಳದ ಗಾಜಿನ ಡಬ್ಬಿಗೆ ಹಾಕಿ. ಉರಿಯುತ್ತಿದ್ದ ಎಚ್‌ಬಿಒ ದೀಪ ಸಿಡಿದಿದ್ದರೆ ಪಾದರಸವೆಲ್ಲ ಆವಿಯಾಗಿಯೇ ಹೊರಬಂದಿರುತ್ತದೆ. ಆಗ ಕನಿಷ್ಠ ಅರ್ಧ ಗಂಟೆ ಯಾರೂ ಒಳಗೆ ಹೋಗಬಾರದು.

ಒಡೆಯದ ಹಳೆಯ ದೀಪಗಳನ್ನು ಜಾಗ ಉಳಿಸಲೆಂದು ಮುರಿಯಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಬಂದ ಪೆಟ್ಟಿಗೆಯಲ್ಲೇ ಮತ್ತೆ ಇಟ್ಟು, ಮೇಲೆ ಪಾದರಸ ಇದೆ ಎಂದು ಬರೆದು, ದೀಪಗಳನ್ನು ಮರುಬಳಕೆಗೆ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೆ ಒಪ್ಪಿಸಿ. ಅಲ್ಲಿ ಕೊಳವೆಗಳನ್ನು ಮುಚ್ಚಿದ ಯಂತ್ರದಲ್ಲಿ ಒಡೆದು, ಪುಡಿಯನ್ನು ಕಾಯಿಸಿ, ಆವಿಯಾದ ಪಾದರಸವನ್ನು ತಣಿಸಿ ಮತ್ತೆ ದ್ರವವಾಗಿ ಹಿಡಿಯುತ್ತಾರೆ. ಒಡೆದ ಚೂರುಗಳ ಡಬ್ಬಿಯನ್ನೂ ಅವರಿಗೇ ಕೊಡಬೇಕು, ಆದರೆ ಬೇರೆಯಾಗಿ, ಒಡೆದದ್ದು ಎಂದು ಬಾಯಿಬಿಟ್ಟು ಹೇಳಿ.